ಒಂದಡಿ ಹಿಂದಕ್ಕೆ

ಅಪ್ಪನಿಗೆ ಹಗ್ಗದ ಇನ್ನೊಂದು ತುದಿ ಹಿಡಿಯಲು ನಾನೇ ಬೇಕಿತ್ತು. ಮನೆಯಲ್ಲಿ ಆಳುಗಳಿದ್ದರು. ಆದರೆ ಆಳು ಹಗ್ಗ ಸಡಿಲ ಬಿಡುತ್ತಾನೆ, ಮಗಳು ಬಿಡುವುದಿಲ್ಲ ಎಂದು ಅವನ ನಂಬಿಕೆ. ಪೇಟೆಯಿಂದ ಯಾರೋ ಅಳತೆಯ ಟೇಪು ತಂದುಕೊಟ್ಟಿದ್ದರೂ ಅದನ್ನವನು ಮುಟ್ಟಲಿಲ್ಲ. ನಮ್ಮದೇ ತೆಂಗಿನ ನಾರಿನ ಹಗ್ಗಕ್ಕೆ ಹತ್ತಡಿಗೊಂದು ಗಂಟು ಹಾಕಿಕೊಂಡು, ಅದರಲ್ಲೇ ನಮ್ಮ ತೋಟವನ್ನು ಸೈಟುಗಳಾಗಿ ಅಳೆದ. ತಾತ ಸಾಲಿನಿಂದ ಸಾಲಿಗೆ ಮೂವತ್ತಡಿ ಬಿಟ್ಟು ಸಸಿ ನೆಟ್ಟಿದ್ದರಿಂದ ರಸ್ತೆ ಎರಡು ಸಾಲುಗಳ ನಡುವೆ ತಾನಾಗಿಯೇ ಕೂತುಕೊಂಡಿತು. ರಸ್ತೆಗಾಗಿ ಒಂದು ಮರವನ್ನೂ ಕಡಿಯಲಿಲ್ಲ ಎಂದು ಅಪ್ಪ ಕೊನೆಯವರೆಗೂ ಹೇಳಿಕೊಂಡು ತಿರುಗುತ್ತಿದ್ದ. ನಾನಾಗ ಐದನೇ ಕ್ಲಾಸು. ಸ್ಕೂಲಿಗೆ ಚಕ್ಕರ್ ಹೊಡೆಸಿ ಅಪ್ಪನೇ ನನ್ನನ್ನು ಕೆಲಸಕ್ಕೆ ಕರೆದುಕೊಂಡಿದ್ದಾನೆ ಎಂಬ ಜಂಭ ಬೇರೆ. ಗೂಟದಿಂದ ಗೂಟಕ್ಕೆ ಓಡುತ್ತಾ, ಹಗ್ಗ ಬಿಗಿ ಹಿಡಿದು ನಗುತ್ತಾ, ಸಂಜೆಯ ಹೊತ್ತಿಗೆ ತೋಟದ ಪಶ್ಚಿಮದ ಬೇಲಿಗೆ ಬಂದು ನಿಂತೆ. ಆ ಬೇಲಿಯ ಆಚೆಗೆ ಚಿಕ್ಕಪ್ಪನ ತೋಟ. ರಸ್ತೆ ಅಲ್ಲಿಗೆ ಬಂದು ಸೇರಬೇಕಿತ್ತು. ಅಪ್ಪ ಮೂವತ್ತಡಿ ಆಚೆಯಿಂದ ನನ್ನನ್ನೂ ಬೇಲಿಯನ್ನೂ ಒಂದು ಗಳಿಗೆ ನೋಡಿದ.

“ಒಂದಡಿ ಹಿಂದಕ್ಕೆ ಬಾ ಮಗಾ. ಹಾಂ, ಅಲ್ಲೇ ನಿಂತ್ಕೋ. ರಸ್ತೆ ಅಲ್ಲಿಗೆ ಮುಗೀತು.”

ನಾನು ಒಂದು ಹೆಜ್ಜೆ ಹಿಂದಕ್ಕಿಟ್ಟೆ. ಅಪ್ಪ ಬಂದು ನನ್ನ ಹೆಬ್ಬೆರಳ ಮುಂದೆಯೇ ಗೂಟ ಹೊಡೆದ. ನನ್ನ ಬಾಲ್ಯದಲ್ಲಿ ನಾನು ಮಾಡಿದ ಕೆಲಸಗಳಲ್ಲೆಲ್ಲ ಇವತ್ತಿಗೂ ನಿದ್ದೆಗೆ ಅಡ್ಡ ಬರುವುದು ಅದೊಂದೇ ಹೆಜ್ಜೆ. ಮಕ್ಕಳಿಗೆ ಏನು ಗೊತ್ತಾಗುತ್ತದೆ ಎಂದು ಬೇರೆಯವರ ಮಕ್ಕಳ ವಿಷಯದಲ್ಲಿ ನಾನೂ ಹೇಳುತ್ತೇನೆ. ನನ್ನ ವಿಷಯದಲ್ಲಿ ಹೇಳಲಾರೆ. ಬೇಲಿಯಾಚೆ ಏನಿದೆ, ಯಾರಿದ್ದಾರೆ, ಆ ಬೇಲಿಯ ಕಂಡಿಯಲ್ಲಿ ದಿನಕ್ಕೆ ಎಷ್ಟು ಸಲ ಅವ್ವ ನುಸುಳುತ್ತಾಳೆ ಎಂಬುದೆಲ್ಲ ನನಗೆ ಚೆನ್ನಾಗಿಯೇ ಗೊತ್ತಿತ್ತು.

ತಿಪಟೂರಿನ ಸರ್ಕಲ್ಲಿನಿಂದ ತುರುವೇಕೆರೆ ರಸ್ತೆ ಒಂದು ಕಡೆಗೆ, ಹಾಸನ ರಸ್ತೆ ಇನ್ನೊಂದು ಕಡೆಗೆ ಹೊರಡುತ್ತವೆ. ಈ ಎರಡು ರಸ್ತೆಗಳ ನಡುವೆ ಆಗ ಇದ್ದದ್ದೆಲ್ಲ ತೋಟ. ನಮ್ಮ ತೋಟದಿಂದ ಒಂದು ಗಾಡಿ ಓಣಿ ತುರುವೇಕೆರೆ ರಸ್ತೆಗೆ ಹೋಗುತ್ತಿತ್ತು. ಚಿಕ್ಕಪ್ಪನ ತೋಟದ ಬಾಗಿಲು ಹಾಸನ ರಸ್ತೆಗಿತ್ತು. ಆದರೆ ರಸ್ತೆ ಯಾರಿಗೆ ಬೇಕಿತ್ತು? ತೋಟದಿಂದ ತೋಟಕ್ಕೆ ಕಾಲುದಾರಿಗಳಿದ್ದವು. ಹೊತ್ತು ನೆತ್ತಿಗೆ ಬಂದಾಗ ಹೊರಟರೂ ಈ ರಸ್ತೆಯಿಂದ ಆ ರಸ್ತೆಗೆ ತಲೆಗೆ ಬಿಸಿಲು ತಾಕದಂತೆ ಹೋಗಿಬರಬಹುದಿತ್ತು. ಹಾಲಿನವಳು, ಎಮ್ಮೆ, ಮದುವೆಗೆ ಕರೆಯುವವರು, ಸಾವಿಗೆ ಹೇಳಿಹೋಗುವವರು, ಎಲ್ಲರೂ ಅಲ್ಲೇ ಓಡಾಡುತ್ತಿದ್ದರು. ಯಾರ ತೋಟ ಎಂದು ಯಾರೂ ಕೇಳುತ್ತಿರಲಿಲ್ಲ. ಆಮೇಲೆ ಊರು ಬೆಳೆಯಿತು, ಲೇಔಟುಗಳಾದವು, ಮೂವತ್ತಡಿಯ ರಸ್ತೆಗಳು ಹತ್ತಾರು ಬಂದವು. ಒಂದಾದರೂ ಇನ್ನೊಂದಕ್ಕೆ ಸೇರಲಿಲ್ಲ. ಪ್ರತಿಯೊಬ್ಬನೂ ತನ್ನ ತೋಟದೊಳಗೆ ರಸ್ತೆ ಎಳೆದುಕೊಂಡು, ತನ್ನ ಬೇಲಿ ಬಂದಲ್ಲಿ ನಿಲ್ಲಿಸಿದ. ಊರು ದೊಡ್ಡದಾದಷ್ಟೂ ಹೋಗುವ ದಾರಿ ಕಡಿಮೆಯಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕೆ ಹಗ್ಗವನ್ನೂ ಹಿಡಿದಿದ್ದೇನೆ.

ಅವ್ವ ಮತ್ತು ಚಿಕ್ಕಮ್ಮ ಒಡಹುಟ್ಟಿದವರು. ದಂಡಿನಶಿವರದ ಒಂದೇ ಮನೆಯಿಂದ ಅಕ್ಕ ತಂಗಿಯರನ್ನು ಅಣ್ಣ ತಮ್ಮಂದಿರಿಗೆ ತಂದುಕೊಂಡಿದ್ದರು. ಅಣ್ಣ ತಮ್ಮಂದಿರು ಭಾಗವಾದಾಗ ತೋಟ ಎರಡಾಯಿತು, ಮನೆ ಎರಡಾಯಿತು, ನಡುವೆ ಬೇಲಿ ಬಂತು. ಅವ್ವ ಅದೇ ವಾರ ಬೇಲಿಯಲ್ಲಿ ಒಂದು ಕಂಡಿ ಮಾಡಿಕೊಂಡಳು. ನಮ್ಮ ಹಿತ್ತಿಲಿನಿಂದ ಚಿಕ್ಕಮ್ಮನ ಅಡುಗೆಮನೆ ಬಾಗಿಲಿಗೆ ಇನ್ನೂರು ಹೆಜ್ಜೆ. ಬೆಳಿಗ್ಗೆ ಮುದ್ದೆ ಒಲೆಯಿಂದ ಇಳಿಸಿ, ಅಪ್ಪ ಲಿಂಗಪೂಜೆಗೆ ಕೂತು ಎದ್ದೇಳುವುದರೊಳಗೆ ಅವಳೊಂದು ಸಲ ಅಲ್ಲಿಗೆ ಹೋಗಿ ಬಂದಿರುತ್ತಿದ್ದಳು. ಮದುವೆಯಾಗಿ ಬರುವಾಗ ಇಬ್ಬರೂ ತವರಿನ ಮೊಸರಿನ ಹೆಪ್ಪನ್ನು ಒಂದೊಂದು ಕುಡಿಕೆಯಲ್ಲಿ ತಂದಿದ್ದರಂತೆ. ಒಬ್ಬಳ ಹೆಪ್ಪು ಕೆಟ್ಟರೆ ಇನ್ನೊಬ್ಬಳ ಮನೆಯಿಂದ ಬರಬೇಕು, ಬೇರೆ ಎಲ್ಲಿಂದಲೂ ತರುವಂತಿಲ್ಲ. ಅದು ಅವರಿಬ್ಬರ ನಡುವಿನ ಕಟ್ಟುಪಾಡು. ಅಪ್ಪನಿಗೆ ಇದೊಂದು ತಮಾಷೆ. ಮೊಸರಿಗೂ ಕುಲಗೋತ್ರ ಕೇಳ್ತಾಳೆ ನಿಮ್ಮವ್ವ ಎಂದು ನಗುತ್ತಲೇ ಎರಡು ಸಲ ಬಡಿಸಿಕೊಳ್ಳುತ್ತಿದ್ದ.

ಜಗಳ ಶುರುವಾದದ್ದು ಚಿಕ್ಕಪ್ಪನಿಂದ. ಅವನು ನಮಗಿಂತ ಒಂದು ವರ್ಷ ಮೊದಲೇ ತನ್ನ ತೋಟವನ್ನು ಸೈಟು ಮಾಡಿ, ರಸ್ತೆಯನ್ನು ನಮ್ಮ ಬೇಲಿಯವರೆಗೂ ತಂದು ನಿಲ್ಲಿಸಿದ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಈ ರಸ್ತೆ ನಾಳೆ ನಮ್ಮಣ್ಣನ ತೋಟದ ಮೂಲಕ ತುರುವೇಕೆರೆ ರಸ್ತೆಗೆ ಸೇರುತ್ತದೆ, ಸರ್ಕಲ್ಲು ಸುತ್ತುವ ಕೆಲಸವೇ ಇರುವುದಿಲ್ಲ ಎಂದು ಕೊಳ್ಳುವವರಿಗೆಲ್ಲ ಹೇಳಿದ. ಅಣ್ಣನನ್ನು ಒಂದು ಮಾತೂ ಕೇಳಲಿಲ್ಲ. ಅಪ್ಪನಿಗೆ ಅದು ತಿಳಿದದ್ದು ಕೊಬ್ಬರಿ ಮಂಡಿಯಲ್ಲಿ, ಹತ್ತು ಜನರ ಎದುರಿಗೆ. ಮನೆಗೆ ಬಂದವನು ಅಂಗಿಯನ್ನೂ ಬಿಚ್ಚದೆ ನಡುಮನೆಯಲ್ಲಿ ನಿಂತೇ ಕೂಗಾಡಿದ. ನನ್ನ ತೋಟವನ್ನು ತೋರಿಸಿ ಅವನು ತನ್ನ ಸೈಟು ಮಾರಿಕೊಂಡ, ನಾನೇನು ಸತ್ತುಹೋಗಿದ್ದೆನಾ ಎಂದ. ಚಿಕ್ಕಪ್ಪ ಮಾಡಿದ್ದು ತಪ್ಪು ಎಂದು ಅವ್ವನೂ ಒಪ್ಪಿದಳು. ಒಂದು ಮಾತು ಕೇಳಬೇಕಿತ್ತು ಅವನು ಎಂದಳು. ಆ ಒಪ್ಪಿಗೆ ತನ್ನ ಕಾಲಿಗೇ ಸುತ್ತಿಕೊಳ್ಳುತ್ತದೆಂದು ಅವಳಿಗೇನು ಗೊತ್ತು.

ನಾನು ಹಿಂದಕ್ಕಿಟ್ಟ ಹೆಜ್ಜೆ ಆ ಜಗಳಕ್ಕೆ ಉತ್ತರ. ನಮ್ಮ ರಸ್ತೆಗೂ ಚಿಕ್ಕಪ್ಪನ ರಸ್ತೆಗೂ ನಡುವೆ ಅಪ್ಪ ಒಂದಡಿ ಜಾಗ ಉಳಿಸಿಕೊಂಡ. ಉದ್ದ ಮೂವತ್ತಡಿ, ಅಗಲ ಒಂದಡಿ. ಅದು ರಸ್ತೆಯೂ ಅಲ್ಲ, ಸೈಟೂ ಅಲ್ಲ. ಅದರ ಮೇಲೆ ಒಂದಡಿ ದಪ್ಪದ ಕಲ್ಲಿನ ಗೋಡೆ ಎಬ್ಬಿಸಿ, ನೆತ್ತಿಗೆ ಗಾಜಿನ ಚೂರು ನೆಡಿಸಿದ. ಅದರ ಎರಡೂ ಬದಿಗೆ ಸೈಟುಗಳ ಕಾಂಪೌಂಡು ಎದ್ದಿತು. ಬೇಲಿ ಹೋಯಿತು, ಬೇಲಿಯ ಕಂಡಿಯೂ ಹೋಯಿತು. ಗೋಡೆ ಎದ್ದ ತಿಂಗಳಲ್ಲೇ ಒಂದು ದಿನ ಅವ್ವನನ್ನು ಆಟೋದಲ್ಲಿ ಕೂರಿಸಿಕೊಂಡು ರಿಜಿಸ್ಟ್ರಿ ಆಫೀಸಿಗೆ ಕರೆದುಕೊಂಡು ಹೋದ. ಸೈಟಿನ ಕಾಗದ, ಸೈನು ಹಾಕು ಎಂದನಂತೆ, ಹಾಕಿದಳು. ಬರುವಾಗ ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸಿದ. ಅಪ್ಪ ತನ್ನನ್ನು ಹೋಟೆಲಿಗೆ ಕರೆದುಕೊಂಡು ಹೋದದ್ದನ್ನು ಅವ್ವ ಬಹಳ ದಿನ ಹೇಳಿಕೊಂಡಳು. ಕಾಗದದಲ್ಲಿ ಏನಿತ್ತು ಎಂದು ಅವಳೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಗೋಡೆ ಎದ್ದ ಮೇಲೆ ಚಿಕ್ಕಮ್ಮನ ಮನೆ ಒಂದೂವರೆ ಮೈಲಿ ದೂರವಾಯಿತು. ಓಣಿ ಹಿಡಿದು ತುರುವೇಕೆರೆ ರಸ್ತೆಗೆ ಬರಬೇಕು, ಅಲ್ಲಿಂದ ಪೇಟೆಗೆ ಇಳಿಯಬೇಕು, ಸರ್ಕಲ್ಲು ಸುತ್ತಬೇಕು, ಹಾಸನ ರಸ್ತೆಯಲ್ಲಿ ಅಷ್ಟೇ ದೂರ ವಾಪಸು ಬರಬೇಕು. ಸರ್ಕಲ್ಲಿನ ಹತ್ತಿರವೇ ಕೊಬ್ಬರಿ ಮಂಡಿಗಳು. ಅಲ್ಲಿ ಮೂಟೆಗಳ ಮೇಲೆ ಕೂತಿರುವವರೆಲ್ಲ ಅಪ್ಪನ ಸ್ನೇಹಿತರು. ನಮ್ಮ ಮನೆಯ ಹೆಂಗಸರು ತೋಟದೊಳಗೆ ತಲೆಯ ಮೇಲಿನ ಸೆರಗಿನ ಪರಿವೆಯೂ ಇಲ್ಲದೆ ತಿರುಗುತ್ತಿದ್ದರು. ರಸ್ತೆಗೆ ಇಳಿಯಬೇಕಾದರೆ ಮಾತ್ರ ಅದಕ್ಕೊಂದು ಮದುವೆಯೋ ಮುಂಜಿಯೋ ಆಸ್ಪತ್ರೆಯೋ ಬೇಕು, ಜೊತೆಗೊಬ್ಬರು ಬೇಕು. ಕೆಲಸವಿಲ್ಲದೆ ಪೇಟೆಯಲ್ಲಿ ಕಾಣಿಸಿಕೊಂಡರೆ ಸಂಜೆಯೊಳಗೆ ಅದು ಅಪ್ಪನ ಕಿವಿಗೆ ಬೀಳುತ್ತಿತ್ತು. ಅವ್ವ ಒಮ್ಮೆ, ಒಂದೇ ಒಂದು ಸಲ, ಊಟ ಬಡಿಸುವಾಗ ಕೇಳಿದಳು. ನನ್ನ ತಂಗಿ ಮನೆಗೆ ಹೋಗೋದು ಬೇಡ ಅಂತೀರಾ ಎಂದು. ಅಪ್ಪ ತಲೆ ಎತ್ತಲಿಲ್ಲ.

“ಯಾರು ಬ್ಯಾಡ ಅಂದ್ರು? ದೊಡ್ಡ ರಸ್ತೆ ಐತೆ. ಹೋಗು.”

ಬೇಡ ಎಂದಿದ್ದರೆ ಅವಳು ಜಗಳವಾಡುತ್ತಿದ್ದಳು, ಅಳುತ್ತಿದ್ದಳು, ತವರಿಗೆ ಹೇಳಿ ಕಳಿಸುತ್ತಿದ್ದಳು. ಹೋಗು ಎಂದುಬಿಟ್ಟ. ಬೀಗ ಹಾಕದೆಯೇ ಒಬ್ಬರನ್ನು ಮನೆಯೊಳಗೆ ಕೂಡಿಹಾಕುವುದು ಹೇಗೆಂದು ನಾನು ಅಪ್ಪನಿಂದ ಕಲಿತೆ. ಇದನ್ನು ಬರೆಯುವಾಗಲೂ ಅವನ ಮೇಲೆ ಸಿಟ್ಟು ಬರುತ್ತದೆ, ಹಿಂದೆಯೇ ಅವನು ನನಗೆ ಎಳನೀರು ಕೆತ್ತಿ ಕೊಡುತ್ತಿದ್ದ ಕೈಯೂ ನೆನಪಾಗುತ್ತದೆ. ಒಳ್ಳೆಯ ಅಪ್ಪ ಆಗಿದ್ದ ಅವನು. ಅವ್ವನಿಗೆ ಏನಾಗಿದ್ದ ಎಂದು ಆ ವಯಸ್ಸಿನಲ್ಲಿ ನಾನು ಯೋಚಿಸಲಿಲ್ಲ.

ಹೈಸ್ಕೂಲು ಪೇಟೆಯಲ್ಲಿತ್ತು. ಹೇಗೂ ಸರ್ಕಲ್ಲಿನವರೆಗೆ ಹೋಗುತ್ತೀಯಲ್ಲ, ಸ್ಕೂಲು ಬಿಟ್ಟ ಮೇಲೆ ಚಿಕ್ಕಮ್ಮನ ಮನೆಗೊಂದು ಹೆಜ್ಜೆ ಹೋಗಿ ಬಾ ಎಂದು ಅವ್ವ ಕಳಿಸುತ್ತಿದ್ದಳು. ಮೊದಮೊದಲು ಹೋದೆ. ಅವರೇಕಾಳು, ರವೆ ಉಂಡೆ, ಬ್ಲೌಸಿನ ಅಳತೆ, ಯಾರದೋ ಬಾಣಂತನದ ಸುದ್ದಿ, ಎಲ್ಲವನ್ನೂ ಪುಸ್ತಕದ ಚೀಲದಲ್ಲಿ ಹಾಕಿಕೊಂಡು ಆಚೆಗೂ ಈಚೆಗೂ ಹೊತ್ತೆ. ಆಮೇಲೆ ನನಗೆ ಗೆಳತಿಯರಾದರು, ಬೇಸರ ಬಂತು. ಒಂದು ಬೇಸಿಗೆಯಲ್ಲಿ ಅವ್ವನ ಹೆಪ್ಪು ಕೆಟ್ಟುಹೋಯಿತು. ಚಿಕ್ಕಮ್ಮನ ಹತ್ತಿರ ತಾ ಎಂದು ಕುಡಿಕೆ ಕೊಟ್ಟಳು. ಅದು ಚೀಲದೊಳಗೆ ಚೆಲ್ಲಿ, ಗಣಿತದ ನೋಟು ನೆಂದು, ಮೇಷ್ಟ್ರಿಂದ ಬೈಸಿಕೊಂಡೆ. ಮಾರನೇ ದಿನ ಮತ್ತೆ ಕುಡಿಕೆ ಕೊಟ್ಟಳು. ಅದನ್ನು ಅಂಗಡಿಯೊಂದರ ಜಗಲಿಯ ಮೇಲೆ ಬಿಟ್ಟು ಬಂದೆ. ಚಿಕ್ಕಮ್ಮನ ಮನೆ ಬೀಗ ಹಾಕಿತ್ತು ಎಂದು ಸುಳ್ಳು ಹೇಳಿದೆ. ಅವ್ವ ಮತ್ತೆ ಕೇಳಲಿಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿ ಹಾಲು ಹೆಪ್ಪಾಗುವುದೇ ನಿಂತಿತು. ಪಕ್ಕದ ಸೈಟಿನವರಿಂದ ತರೋಣ ಎಂದು ಅಪ್ಪ ಹೇಳಿ ನೋಡಿದ. ಅವ್ವ ಹಾಲನ್ನೇ ಬಡಿಸಿದಳು. ಎಮ್ಮೆ ಕಟ್ಟಿದ್ದ ಮನೆಯಲ್ಲಿ ವರ್ಷಗಟ್ಟಲೆ ನಾವು ಮುದ್ದೆ ಮುಗಿಸಿದ ಮೇಲೆ ಅನ್ನಕ್ಕೆ ಹಾಲು ಸುರಿದುಕೊಂಡು ಉಂಡೆವು. ನೆಂಟರು ಬಂದಾಗ ಅಪ್ಪನಿಗೆ ಮುಖ ಎತ್ತಲಾಗುತ್ತಿರಲಿಲ್ಲ.

ಅವ್ವನಿಗೆ ಉಳಿದದ್ದು ಅಟ್ಟ. ನಮ್ಮ ಕಡೆಯ ಮನೆಗಳಲ್ಲಿ ಅಡುಗೆಮನೆಯ ಮೇಲೆ ಅಟ್ಟ ಕಟ್ಟಿ, ಕಾಯಿಗಳನ್ನು ಮಟ್ಟೆಯ ಸಮೇತ ಅಲ್ಲಿ ಸುರಿದಿಡುತ್ತಾರೆ. ಹತ್ತು ಹನ್ನೊಂದು ತಿಂಗಳು ಅವನ್ನು ಯಾರೂ ಮುಟ್ಟುವುದಿಲ್ಲ. ಕೆಳಗಿನ ಒಲೆಯ ಬಿಸಿಗೆ ಒಳಗಿನ ನೀರು ಇಂಗಿ, ಕಾಯಿ ಕೊಬ್ಬರಿಯಾಗಿ, ಅಲ್ಲಾಡಿಸಿದರೆ ಚಿಪ್ಪಿನೊಳಗೆ ಗಡಗಡ ಎನ್ನಬೇಕು. ನಮ್ಮ ಅಟ್ಟಕ್ಕೆ ಪಶ್ಚಿಮಕ್ಕೊಂದು ಬೆಳಕಿಂಡಿ ಇತ್ತು, ಒಂದು ಮೊರದಷ್ಟು ಅಗಲ. ಅಲ್ಲಿಂದ ಗೋಡೆಯ ಮೇಲೆ ಹಾಯ್ದು ಚಿಕ್ಕಮ್ಮನ ಮನೆಯ ಹಿತ್ತಿಲು ಕಾಣುತ್ತಿತ್ತು. ಅವ್ವ ಮಧ್ಯಾಹ್ನ ಪಾತ್ರೆ ತೊಳೆದು, ಇಲಿ ಸದ್ದಾಯ್ತು ಎಂದು ಏಣಿ ಹತ್ತುತ್ತಿದ್ದಳು. ನಾನೂ ಕೆಲವು ಸಲ ಹಿಂದೆಯೇ ಹತ್ತಿದ್ದೇನೆ. ಕಾಯಿಗಳ ಮೇಲೆ ಮಂಡಿಯೂರಿ, ಕಿಂಡಿಗೆ ಮುಖ ಇಟ್ಟು ಕೂತಿರುತ್ತಿದ್ದಳು. ಅತ್ತ ಚಿಕ್ಕಮ್ಮ ಬಟ್ಟೆ ಒಣಗಿಸುವ ನೆಪದಲ್ಲಿ ಹಿತ್ತಿಲಿಗೆ ಬರುತ್ತಿದ್ದಳು. ಕೂಗಿದರೆ ಕೇಳಿಸುವಷ್ಟು ಹತ್ತಿರವೇ. ಆದರೆ ಕೂಗಿದರೆ ಅಪ್ಪನಿಗೂ ಚಿಕ್ಕಪ್ಪನಿಗೂ ಕೇಳಿಸುತ್ತದೆ. ಇಬ್ಬರು ಹೆಂಗಸರೂ ಕೈಯಲ್ಲೇ ಮಾತಾಡುತ್ತಿದ್ದರು. ಚಿಕ್ಕಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸಿದರೆ ಮಗಳು ಬಸುರಿ ಎಂದು. ತಲೆಗೆ ಕೈ ಹಚ್ಚಿದರೆ ಜ್ವರ ಎಂದು. ದಂಡಿನಶಿವರದ ಅಜ್ಜಿ ತೀರಿಕೊಂಡ ಸುದ್ದಿ ಅವ್ವನಿಗೆ ಮೊದಲು ಗೊತ್ತಾದದ್ದು ಆ ಕಿಂಡಿಯಿಂದಲೇ. ಚಿಕ್ಕಮ್ಮ ಹಿತ್ತಿಲಿನಲ್ಲಿ ನೆಲದ ಮೇಲೆ ಕೂತು ಎರಡೂ ಕೈ ಎತ್ತಿ ಇಳಿಸಿದಳಂತೆ. ಅವ್ವ ಕೆಳಗಿಳಿದು ಬಂದು, ಒಲೆಯ ಮುಂದೆ ಕೂತು ಅತ್ತಳು. ಏಕೆ ಎಂದು ನಮಗೆ ಗೊತ್ತಾಗುವುದಕ್ಕೆ ಇನ್ನೂ ಒಂದು ಗಂಟೆ ಬೇಕಾಯಿತು. ಮಣ್ಣಿನ ದಿನಕ್ಕೂ ತಿಥಿಯ ದಿನಕ್ಕೂ ಅಪ್ಪನೇ ಕಾರು ಮಾಡಿಸಿದ. ತವರಿನಲ್ಲಿ ಅಕ್ಕ ತಂಗಿಯರು ಹೆಗಲಿಗೆ ಹೆಗಲು ಕೂತಿದ್ದರು. ತಿಥಿ ಮುಗಿಸಿ ಬೇರೆ ಬೇರೆ ಕಾರಿನಲ್ಲಿ ಬಂದು, ಗೋಡೆಯ ಆಚೆಗೊಬ್ಬಳು ಈಚೆಗೊಬ್ಬಳು ಇಳಿದುಕೊಂಡರು.

ಅಷ್ಟರಲ್ಲಿ ನಮ್ಮ ಲೇಔಟಿನಲ್ಲಿ ಮನೆಗಳು ಏಳತೊಡಗಿದವು. ರಸ್ತೆಗೆ ಒಂದು ಮರವನ್ನೂ ಕಡಿಯಲಿಲ್ಲ ಎಂದಿದ್ದ ಅಪ್ಪ, ಸೈಟು ಕೊಂಡವರು ಕಡಿಯುವಾಗ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಪ್ರತಿ ಮರ ಬಿದ್ದಾಗಲೂ ಅಡುಗೆಮನೆಯ ಪಾತ್ರೆಗಳು ಅಲುಗುತ್ತಿದ್ದವು. ತೋಟ ಕಿರಿದಾದಂತೆ ಅಟ್ಟದ ಕಾಯಿಯೂ ಕಡಿಮೆಯಾಯಿತು. ಆದರೂ ಅವ್ವನಿಗೆ ದಿನಾ ಇಲಿ ಸದ್ದು ಕೇಳಿಸುತ್ತಿತ್ತು. ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ನಮ್ಮ ಹಿತ್ತಿಲಿಗೂ ಗೋಡೆಗೂ ನಡುವಿನ ಸೈಟಿನಲ್ಲಿ ಬ್ಯಾಂಕಿನವರೊಬ್ಬರು ಮಹಡಿ ಮನೆ ಕಟ್ಟಿದರು. ಕೆಳಗಿನ ಮನೆಗೆ ಮೋಲ್ಡ್ ಹಾಕಿದ ದಿನ ಎಲ್ಲರಿಗೂ ಪಾಯಸ ಕೊಟ್ಟರು. ಮೇಲಿನದು ಎದ್ದ ಮೇಲೆ ಬೆಳಕಿಂಡಿಯಿಂದ ಕಾಣುತ್ತಿದ್ದದ್ದು ಅವರ ಸಿಮೆಂಟು ಗೋಡೆ ಮತ್ತು ಒಂದು ನೀರಿನ ಪೈಪು ಮಾತ್ರ. ಒಂದು ಮಧ್ಯಾಹ್ನ ಅವ್ವ ಹತ್ತಿಹೋದವಳು ಬಹಳ ಹೊತ್ತು ಇಳಿಯಲಿಲ್ಲ. ನಾನು ಏಣಿಯ ಮೇಲೆ ನಿಂತು ಇಣುಕಿದೆ. ಖಾಲಿ ಅಟ್ಟದ ಮೂಲೆಯಲ್ಲಿ ನಾಲ್ಕು ಕಾಯಿಗಳಿದ್ದವು. ಅವ್ವ ಕಿಂಡಿಯ ಕಡೆಗೆ ಬೆನ್ನು ಹಾಕಿ ಕೂತಿದ್ದಳು. ನಾನು ಸದ್ದಾಗದಂತೆ ಇಳಿದೆ. ಆಮೇಲೆ ಸಂಸಾರಕ್ಕೆಂದು ಯಾವ ಮನೆ ನೋಡಲು ಹೋದರೂ ಮೊದಲು ಹಿಂದಿನ ಬಾಗಿಲು ಎಲ್ಲಿದೆ ಎಂದು ನೋಡುತ್ತೇನೆ. ಒಂದೇ ಬಾಗಿಲಿನ ಮನೆಯನ್ನು ಎಷ್ಟು ಚೆನ್ನಾಗಿದ್ದರೂ ಬಾಡಿಗೆಗೆ ಹಿಡಿದಿಲ್ಲ. ನನ್ನ ಗಂಡ ಇದನ್ನು ಹುಚ್ಚು ಎನ್ನುತ್ತಾರೆ. ಇರಬಹುದು.

ಅಪ್ಪನ ಸರದಿ ಬಂದದ್ದು ಆಮೇಲೆ. ನಮ್ಮ ಓಣಿ ತುರುವೇಕೆರೆ ರಸ್ತೆಗೆ ಸೇರುವಲ್ಲಿ ಇನ್ನೊಬ್ಬರ ತೋಟವಿತ್ತು. ಓಣಿ ಅವರ ಜಾಗದಲ್ಲೇ ಹಾಯುತ್ತಿತ್ತು. ತಾತನ ಕಾಲದಿಂದ ಓಡಾಡಿದ ರೂಢಿಯ ದಾರಿ, ಅದಕ್ಕೆ ಕಾಗದ ಪತ್ರ ಇರಲಿಲ್ಲ. ಅವರು ತೋಟ ಮಾರಿದರು. ಕೊಂಡವರು ಅಲ್ಲೊಂದು ಕಲ್ಯಾಣ ಮಂಟಪ ಕಟ್ಟಲು ಶುರು ಮಾಡಿ, ಕಾಂಪೌಂಡು ಎಳೆದು, ನಮಗೆ ಆರಡಿ ಬಿಟ್ಟರು. ಸೈಕಲ್ಲು ಹೋಗುತ್ತಿತ್ತು, ಸ್ಕೂಟರು ಹೋಗುತ್ತಿತ್ತು. ಮರಳಿನ ಲಾರಿ ಹೋಗುತ್ತಿರಲಿಲ್ಲ, ಕಾಯಿ ತುಂಬುವ ಟ್ರ್ಯಾಕ್ಟರು ಹೋಗುತ್ತಿರಲಿಲ್ಲ. ಅರ್ಧ ಕಟ್ಟಿದ ಮನೆಗಳು ಅರ್ಧಕ್ಕೇ ನಿಂತವು. ಸೈಟಿನವರು ದಿನಾ ಸಂಜೆ ನಮ್ಮ ಜಗಲಿಗೆ ಬಂದು ಕೂತರು. ಮೂವತ್ತಡಿ ರಸ್ತೆ ಎಂದು ಹೇಳಿ ಮಾರಿದಿರಿ, ರಸ್ತೆ ಎಲ್ಲಿಗೆ ಹೋಗುತ್ತದೆ ತೋರಿಸಿ ಎಂದರು. ಅದು ಎಲ್ಲಿಗೂ ಹೋಗುತ್ತಿರಲಿಲ್ಲ. ಹಾಸನ ರಸ್ತೆಯ ಕಡೆಗೆ ಅಪ್ಪನದೇ ಗೋಡೆ ನಿಂತಿತ್ತು. ಗೋಡೆ ಒಡೆದರೆ ಎಲ್ಲರೂ ಬದುಕುತ್ತಾರೆ ಎಂದು ಅವರಿಗೂ ಗೊತ್ತು, ಅವನಿಗೂ ಗೊತ್ತು. ತಿಂಗಳುಗಟ್ಟಲೆ ಅಪ್ಪ ಊಟ ಬಿಟ್ಟು ಬಡಕಲಾದ. ಕೊನೆಗೊಂದು ಸಂಜೆ ಛಾಪಾ ಕಾಗದ ಹಿಡಿದುಕೊಂಡು ಬಂದು, ಮುಖ ಬೇರೆ ಕಡೆ ತಿರುಗಿಸಿ, ಇದಕ್ಕೊಂದು ಸೈನು ಹಾಕು ಎಂದು ಅವ್ವನ ಮುಂದಿಟ್ಟ.

ಈ ಸಲ ಅವ್ವ ಪೆನ್ನು ಮುಟ್ಟಲಿಲ್ಲ. ನಾನು ಪಿಯುಸಿಯಲ್ಲಿದ್ದೆ. ಓದು ಎಂದು ಕಾಗದವನ್ನು ನನ್ನ ಕಡೆ ತಳ್ಳಿದಳು. ಓದಿದೆ. ಗಂಗಮ್ಮ ಕೋಂ ಬಸಪ್ಪ ಆದ ನಾನು, ನನ್ನ ಸ್ವಂತ ಸ್ವಾಧೀನದಲ್ಲಿರುವ, ಪೂರ್ವ ಪಶ್ಚಿಮ ಒಂದು ಅಡಿ, ಉತ್ತರ ದಕ್ಷಿಣ ಮೂವತ್ತು ಅಡಿ ಸ್ವತ್ತನ್ನು ಸಾರ್ವಜನಿಕ ರಸ್ತೆಗಾಗಿ ಬಿಟ್ಟುಕೊಡಲು ಒಪ್ಪಿ, ಎಂದಿತ್ತು. ಅವ್ವ ಇನ್ನೊಂದು ಸಲ ಓದಿಸಿದಳು. ಅಪ್ಪನೇ ಗೊಣಗುತ್ತಾ ಹೇಳಿದ. ಆ ಒಂದಡಿ ತನ್ನ ಹೆಸರಿನಲ್ಲಿದ್ದರೆ ನಾಳೆ ಚಿಕ್ಕಪ್ಪ ಹಳೇ ಭಾಗದ ಪತ್ರ ಹಿಡಿದು ತಕರಾರು ತೆಗೆಯುತ್ತಾನೆ, ಹೆಂಡತಿ ಹೆಸರಿಗೆ ಮಾಡಿಸಿ ಎಂದು ಪತ್ರ ಬರೆಯುವವರು ಹೇಳಿದ್ದರಂತೆ. ಮಸಾಲೆ ದೋಸೆಯ ದಿನದ ಸೈನು ಅದು. ತಂಗಿಯಿಂದ ತನ್ನನ್ನು ದೂರ ಮಾಡಿದ್ದ ಗೋಡೆಯ ಒಡತಿ ಏಳು ವರ್ಷದಿಂದ ಅವ್ವನೇ ಆಗಿದ್ದಳು.

“ಇದು ನಂದು ಅಂತ ನಂಗ್ಯಾಕೆ ಯೋಳ್ಲಿಲ್ಲ?”

“ಯೋಳಿ ಏನಾಗ್ಬೇಕಿತ್ತು? ಒಂದಡಿ ಜಾಗ.”

“ಸೈನು ಹಾಕ್ತೀನಿ ಬುಡಿ. ಮೊದ್ಲು ನೀವು ಯೋಳಿದ್ದು ಮಾಡಿ ಬತ್ತೀನಿ. ದೊಡ್ಡ ರಸ್ತೆ ಐತೆ, ಹೋಗು ಅಂದಿದ್ರಲ್ಲ.”

ಅಪ್ಪ ಬೇಡ ಎನ್ನಲು ಬಾಯಿ ತೆರೆದ. ಹೋಗು ಎಂದವನು ಅವನೇ. ಕಾಗದ ಮಡಚಿ ಗೂಡಿನಲ್ಲಿಟ್ಟ. ಅವ್ವ ಮಾರನೇ ದಿನ ಹೋಗಲಿಲ್ಲ, ಅದರ ಮಾರನೇ ದಿನವೂ ಹೋಗಲಿಲ್ಲ. ಕೊಬ್ಬರಿ ಹರಾಜಿನ ದಿನ ಬರುವವರೆಗೆ ಕಾದಳು. ಹರಾಜಿನ ದಿನ ಮಂಡಿಗಳ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ತುರುವೇಕೆರೆ, ಹುಳಿಯಾರು, ಸುತ್ತಲಿನ ಹಳ್ಳಿಗಳ ಬೆಳೆಗಾರರೆಲ್ಲ ಅಲ್ಲೇ. ಅವತ್ತು ಬೆಳಿಗ್ಗೆ ತಲೆಗೆ ಎರೆದುಕೊಂಡು, ಮದುವೆಗೆ ಉಡುವ ಸೀರೆಯುಟ್ಟು, ಕೈಯಲ್ಲೊಂದು ಖಾಲಿ ಕುಡಿಕೆ ಹಿಡಿದು ಹೊರಟಳು. ನನ್ನನ್ನು ಬಾ ಎನ್ನಲಿಲ್ಲ. ನಾನೇ ಚಪ್ಪಲಿ ಮೆಟ್ಟಿ ಹಿಂದೆ ಹೋದೆ. ಆಟೋದವನು ನಿಲ್ಲಿಸಿದ, ಬೇಡ ಎಂದು ಕೈಯಾಡಿಸಿದಳು. ಸರ್ಕಲ್ಲಿನ ಹತ್ತಿರ, ಮೂಟೆಗಳ ಮೇಲೆ ಕೂತಿದ್ದ ಮಂಡಿಯ ಶಿವಣ್ಣ ಎದ್ದು ನಿಂತು, ಏನಕ್ಕಾ ಈ ಬಿಸಿಲಿನಲ್ಲಿ ನಡೆದುಕೊಂಡು ಎಲ್ಲಿಗೆ ಎಂದ. ಅವನ ಪಕ್ಕದಲ್ಲೇ ಅಪ್ಪ ಕೂತಿದ್ದ. ಅವ್ವ ಅಪ್ಪನನ್ನು ನೋಡಲಿಲ್ಲ.

“ಹೆಪ್ಪು ತರಕ್ಕೆ ಕಣಪ್ಪ. ನಮ್ ತಂಗಿ ಮನೆಗೆ. ಹಿಂದ್ಗಡೆ ದಾರಿ ಮುಚ್ಚೈತಲ್ಲ.”

ಅಷ್ಟೇ ಹೇಳಿದಳು. ಹೆಪ್ಪಿಗಾಗಿ ಒಂದೂವರೆ ಮೈಲಿ ನಡೆಯುತ್ತಿರುವ ಹೆಂಗಸನ್ನು ಮಂಡಿಯವರೆಲ್ಲ ನೋಡಿದರು, ಆಮೇಲೆ ಅಪ್ಪನನ್ನು ನೋಡಿದರು. ಅಪ್ಪ ಮೂಟೆಯಿಂದ ಒಂದು ಕೊಬ್ಬರಿ ತೆಗೆದು ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ನನಗೆ ಅವನನ್ನು ಕಂಡು ಅಯ್ಯೋ ಅನ್ನಿಸಿತು, ಅವ್ವನನ್ನು ಕಂಡು ಹೆಮ್ಮೆ ಅನ್ನಿಸಿತು. ನಾನು ಕುಡಿಕೆ ಬಿಟ್ಟುಹೋಗಿದ್ದ ಅಂಗಡಿಯ ಜಗಲಿಯೂ ಅದೇ ಬೀದಿಯಲ್ಲಿತ್ತು. ಅದನ್ನು ದಾಟುವಾಗ ಬೇರೆ ಕಡೆ ನೋಡಿದೆ.

ಚಿಕ್ಕಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟಳು, ಏಳಲಿಲ್ಲ. ಬೆಳಕಿಂಡಿಯಿಂದ ಕಂಡಿದ್ದಕ್ಕಿಂತ ಬಹಳ ಮುದುಕಿಯಾಗಿದ್ದಳು. ಅವಳಿಗೂ ಅವ್ವ ಹಾಗೇ ಕಂಡಿರಬೇಕು. ಅವ್ವ ಹೋಗಿ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಇಷ್ಟು ವರ್ಷ ಕೈಯಲ್ಲಿ ಮಾತಾಡಿದವರು ಈಗಲೂ ಕೈಯಲ್ಲೇ ಶುರು ಮಾಡಿದರು. ಚಿಕ್ಕಮ್ಮ ಅವ್ವನ ಪಾದ ಮುಟ್ಟಿ, ಮೇಲಿನ ಧೂಳನ್ನು ಸೆರಗಿನಲ್ಲಿ ಒರೆಸಿದಳು.

“ನಡ್ಕೊಂಡ್ ಬಂದ್ಯಾ? ಎಷ್ಟು ದೂರ ಆಯ್ತಕ್ಕಾ?”

“ಒಂದಡಿ ಕಣೇ.”

ಚಿಕ್ಕಮ್ಮನಿಗೆ ಅರ್ಥವಾಗಲಿಲ್ಲ. ಅವ್ವ ವಿವರಿಸಲೂ ಇಲ್ಲ. ಒಳಗೆ ಹೋಗಿ ನೆಲುವಿನಿಂದ ಗಡಿಗೆ ಇಳಿಸಿ, ತಾನೇ ಹೆಪ್ಪು ತೋಡಿಕೊಂಡಳು. ಅದು ತವರಿನದೇ, ಒಂದು ದಿನವೂ ಬಿಡದೆ ಹಾಕಿದ್ದೇನೆ ಎಂದಳು ಚಿಕ್ಕಮ್ಮ. ಊಟ ಮಾಡಿ, ಹೊತ್ತು ಇಳಿದ ಮೇಲೆ ಬಂದ ದಾರಿಯಲ್ಲೇ ಮತ್ತೆ ಸರ್ಕಲ್ಲು ಸುತ್ತಿ ಮನೆಗೆ ಬಂದೆವು. ಕುಡಿಕೆಯನ್ನು ಅವ್ವ ದಾರಿಯುದ್ದಕ್ಕೂ ನನ್ನ ಕೈಗೆ ಕೊಡಲಿಲ್ಲ. ಸಂಜೆ ಹಾಲಿಗೆ ಹೆಪ್ಪು ಹಾಕಿ, ಕೈ ತೊಳೆದು ಬಂದು ಸೈನು ಹಾಕಿದಳು. ಮಾರನೇ ದಿನ ಅಪ್ಪನ ತಟ್ಟೆಗೆ ಮೊಸರು ಬಿತ್ತು. ಅವನು ತಲೆ ತಗ್ಗಿಸಿಕೊಂಡು ಉಂಡ, ಎರಡನೇ ಸಲ ಕೇಳಲಿಲ್ಲ. ಅವ್ವನೇ ಬಡಿಸಿದಳು.

ಗೋಡೆ ಒಡೆಯುವ ದಿನ ಇಡೀ ಲೇಔಟು ಸೇರಿತ್ತು. ಆಚೆ ಚಿಕ್ಕಪ್ಪ, ಈಚೆ ಅಪ್ಪ, ಇಬ್ಬರೂ ಕೈಕಟ್ಟಿಕೊಂಡು ಹಾರೆ ಹಿಡಿದ ಆಳುಗಳನ್ನು ನೋಡುತ್ತಾ ನಿಂತಿದ್ದರು. ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ. ಕಲ್ಲೆಲ್ಲ ಎತ್ತಿ ಹಾಕಿ, ನೆಲ ಸಮ ಮಾಡುವ ಹೊತ್ತಿಗೆ ಸಂಜೆಯಾಗಿತ್ತು. ಆಗಲೇ ಆಚೆಯಿಂದ ಸ್ಕೂಟರುಗಳು ನುಗ್ಗಿದವು. ಈಚೆಯಿಂದ, ತಿಂಗಳುಗಟ್ಟಲೆ ಒಳಗೇ ಸಿಕ್ಕಿಕೊಂಡಿದ್ದ ಕಾಯಿಯ ಟ್ರ್ಯಾಕ್ಟರು ಹೊರಟಿತು. ಸರ್ಕಲ್ಲು ಸುತ್ತಿ ಸಾಕಾದವರೆಲ್ಲ ಅವತ್ತೇ ಆ ದಾರಿ ಕಂಡುಕೊಂಡರು. ಅವ್ವ ಮತ್ತು ನಾನು ಗೋಡೆ ಇದ್ದ ಜಾಗದ ಈಚೆ ನಿಂತಿದ್ದೆವು. ನೆಲದಲ್ಲಿ ಒಂದಡಿ ಅಗಲದ ಕೆಮ್ಮಣ್ಣಿನ ಪಟ್ಟಿ ಮಾತ್ರ ಉಳಿದಿತ್ತು. ಅಪ್ಪ ಗೂಟ ಹೊಡೆದದ್ದು ಇಲ್ಲೇ, ನನ್ನ ಕಾಲಿದ್ದದ್ದು ಇಲ್ಲೇ. ನನಗೆ ತಡೆಯಲಾಗಲಿಲ್ಲ. ಅವತ್ತು ಹಗ್ಗ ಹಿಡಿದದ್ದು ನಾನು, ಅಪ್ಪ ಹೇಳಿದ ಅಂತ ಒಂದು ಹೆಜ್ಜೆ ಹಿಂದಕ್ಕಿಟ್ಟಿದ್ದು ನಾನು ಎಂದು ಅವ್ವನಿಗೆ ಹೇಳಿದೆ. ಹೆಪ್ಪಿನ ಕುಡಿಕೆಯ ಸುಳ್ಳನ್ನೂ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಅವ್ವನೇ ಮಾತಾಡಿದಳು.

“ಗೊತ್ತು ಬುಡು. ಇಲಿ ಓಡ್ಸಕ್ಕೆ ಅಟ್ಟ ಹತ್ತಿದ್ದೆ ಅವತ್ತು. ಕಿಂಡಿಯಿಂದ ನೋಡ್ತಿದ್ದೆ. ಹಿಂದಕ್ಕಿಟ್ಟಾಗ ನೀನು ನಗ್ತಿದ್ದೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಾ ಎಂದು ಸೀರೆಯ ನಿರಿಗೆ ಎತ್ತಿಕೊಂಡು ಕೆಮ್ಮಣ್ಣು ದಾಟಿದಳು, ಚಿಕ್ಕಮ್ಮನ ಮನೆಯ ಕಡೆ ನಡೆದಳು. ನಾನು ಅಲ್ಲೇ ನಿಂತಿದ್ದೆ. ಒಂದು ಹೆಜ್ಜೆ ಮುಂದಕ್ಕಿಟ್ಟರೆ ಆಗುತ್ತಿತ್ತು. ಹಿಂದೆ ಬಂದು ನಿಂತ ಟ್ರ್ಯಾಕ್ಟರಿನವನು ದಾರಿ ಬಿಡು ಎಂದು ಹಾರ್ನ್ ಹೊಡೆಯುತ್ತಲೇ ಇದ್ದ.